ಉಬ್ಬದ ಪಟ್ಟಿ ಹಿಡಿದುಕೊಂಡು ಚೀನಾಕ್ಕೆ

ತಲ್ಲೂರು

ಚೀನಾಕ್ಕೆ ಹೋದವರೆಲ್ಲ ಗೋಡೆ ನೋಡಿ ಬರುತ್ತಾರೆ. ನಾನು ಹೋದದ್ದು ಜಗಳಾಡಲು. ವೀಸಾ ಅರ್ಜಿಯಲ್ಲಿ ಪ್ರಯಾಣದ ಉದ್ದೇಶ ಎಂಬ ಕಡೆ ‘ವ್ಯಾಪಾರ’ ಎಂದು ಬರೆದೆ, ಯಾಕೆಂದರೆ ಜಗಳಕ್ಕೆ ಅಲ್ಲಿ ಜಾಗ ಇರಲಿಲ್ಲ. ಐವತ್ನಾಲ್ಕು ವರ್ಷ ಮುಂಬೈಯಿಂದ ಆಚೆಗೆ ಕಾಲಿಡದ ಮನುಷ್ಯ ನಾನು. ಮೊದಲ ಸಲ ಸಮುದ್ರ ದಾಟಿದ್ದೇ ಸಿಟ್ಟಿನಲ್ಲಿ.

ಸಿಟ್ಟಿನ ಕಾರಣ ಹೇಳಬೇಕಾದರೆ ತಲ್ಲೂರಿನಿಂದಲೇ ಶುರು ಮಾಡಬೇಕು. ಹೆದ್ದಾರಿ ಬದಿಯಲ್ಲಿ ನಮ್ಮಪ್ಪ ನಡೆಸುತ್ತಿದ್ದ ಗೇರುಬೀಜದ ಕಾರ್ಖಾನೆ ಇದೆ. ಬೀಜದ ವ್ಯಾಪಾರ ಕೈಕೊಟ್ಟ ಮೇಲೆ ಅದೇ ಕಟ್ಟಡದಲ್ಲಿ ನಾನು ಬೆಂಕಿ ತಡೆಯುವ ಬಾಗಿಲಿಗೆ ಕಪ್ಪು ಪಟ್ಟಿ ತಯಾರಿಸಲು ಹೊರಟೆ. ಬೆರಳಗಲದ, ರಬ್ಬರಿನಂತೆ ಬಾಗುವ ಪಟ್ಟಿ. ಬಾಗಿಲಿನ ಅಂಚಿನ ಉದ್ದಕ್ಕೂ ಕೊರೆದ ಗಾಡಿಯಲ್ಲಿ, ಅಂದರೆ ಸಣ್ಣ ಕಾಲುವೆಯಲ್ಲಿ, ಅದನ್ನು ಕೂರಿಸುತ್ತಾರೆ. ದಿನನಿತ್ಯ ಅದಕ್ಕೆ ಏನೂ ಕೆಲಸವಿಲ್ಲ. ಬೆಂಕಿ ಬಿದ್ದ ದಿನ ಮಾತ್ರ ಅದು ಉಬ್ಬಿ, ಬಾಗಿಲಿಗೂ ದಾರಂದಕ್ಕೂ ನಡುವಿನ ಸಂದು ಮುಚ್ಚಿ, ಹೊಗೆ ಆಚೆ ಹೋಗದಂತೆ ನಿಲ್ಲಬೇಕು. ಆ ಒಂದು ದಿನಕ್ಕಾಗಿ ಅದು ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತದೆ.

ಉಬ್ಬಿಸುವುದು ಪಟ್ಟಿಯೊಳಗಿನ ಗ್ರಾಫೈಟ್. ಪೆನ್ಸಿಲಿನ ಕಡ್ಡಿಯಲ್ಲಿರುವುದೇ ಇದು, ಆದರೆ ಇದು ಹೊಳೆಯುವ ಚಕ್ಕೆ ಚಕ್ಕೆ ಹರಳು. ಒಂದೊಂದು ಹರಳೂ ಒಂದರ ಮೇಲೊಂದು ಜೋಡಿಸಿಟ್ಟ ನೀರುದೋಸೆಯ ಹಾಗೆ ಪದರ ಪದರ. ಆ ಪದರಗಳ ನಡುವೆ ಆಸಿಡ್ ತೂರಿಸಿ, ತೊಳೆದು, ಒಣಗಿಸಿ ಕಳಿಸುತ್ತಾರೆ. ಬೆಂಕಿ ತಾಗಿದೊಡನೆ ಒಳಗಿನ ಆಸಿಡ್ ಆವಿಯಾಗಿ ಪದರಗಳನ್ನು ತಳ್ಳುತ್ತದೆ. ಚಿಟಿಕೆಯಷ್ಟು ಇದ್ದದ್ದು ಲೋಟ ತುಂಬುತ್ತದೆ. ಮೊದಲ ಸಲ ನೋಡಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

ಇದರಲ್ಲೂ ದರ್ಜೆಗಳಿವೆ. ಹರಳಿನ ಗಾತ್ರ, ಶುದ್ಧತೆ, ಒಂದು ಗ್ರಾಮಿಗೆ ಎಷ್ಟು ಉಬ್ಬುತ್ತದೆ, ಎಷ್ಟು ಬಿಸಿಗೆ ಉಬ್ಬಲು ಶುರು ಮಾಡುತ್ತದೆ, ಆಸಿಡ್ಡಿನ ಹುಳಿ ಎಷ್ಟು ಉಳಿದಿದೆ, ಎಲ್ಲಕ್ಕೂ ಒಂದೊಂದು ಅಂಕಿ. ಗಾತ್ರ ಹೇಳುವುದು ಜರಡಿಯ ನಂಬರಿನಲ್ಲಿ. ಐವತ್ತು ಎಂದರೆ ದೊಡ್ಡ ಹರಳು, ಎಂಬತ್ತು ಎಂದರೆ ಸಣ್ಣದು, ನೂರೆಂದರೆ ಪುಡಿ. ನಂಬರು ಏರಿದರೆ ಮಾಲು ಸಣ್ಣ ಎಂಬುದು ಬೇರೆಯವರಿಗೆ ಗೊಂದಲವಂತೆ. ಗೇರುಬೀಜದವರಿಗೆ ಎಂಥ ಗೊಂದಲ? ನಮ್ಮಲ್ಲಿ ನೂರ ಎಂಬತ್ತು ಎಂದರೆ ರಾಜನಂಥ ಬೀಜ, ಮುನ್ನೂರ ಇಪ್ಪತ್ತು ಎಂದರೆ ಎಲ್ಲರ ಮನೆಯ ಪಾಯಸದ್ದು. ದೊಡ್ಡ ಹರಳು ಹೆಚ್ಚು ಉಬ್ಬುತ್ತದೆ ಎಂದು ಹೇಳಿದ್ದಷ್ಟೇ, ನಮ್ಮ ಹೆಂಗಸರು ಒಂದು ವಾರದಲ್ಲಿ ಕೈಯಲ್ಲಿ ಮುಟ್ಟಿ ಜಾತಿ ಹೇಳತೊಡಗಿದರು. ಅವರಲ್ಲಿ ಮೊದಲಿಗರು ತ್ರಾಸಿಯ ಜಲಜಕ್ಕ. ಅಪ್ಪನ ಕಾಲದಿಂದಲೂ ನಮ್ಮಲ್ಲೇ ಕೆಲಸ ಮಾಡಿದವರು.

ಈ ಮಳೆಗಾಲದಲ್ಲಿ ಚೀನಾದಿಂದ ಬಂದ ಮಾಲಿಗೆ ನಾನು ಐವತ್ತರ ಹರಳು, ಗ್ರಾಮಿಗೆ ಇನ್ನೂರೈವತ್ತು ಮಿಲಿಲೀಟರ್ ಉಬ್ಬಬೇಕು, ಅದೂ ಕಡಿಮೆ ಬಿಸಿಗೇ ಬೇಗ ಉಬ್ಬುವ ಜಾತಿ ಬೇಕು ಎಂದು ಹೇಳಿದ್ದೆ. ಬಾಗಿಲು ಮರದ್ದು, ತಡಮಾಡಿದರೆ ಬಾಗಿಲೇ ಸುಟ್ಟು ಹೋಗುತ್ತದೆ. ಚೀಲ ಬಿಚ್ಚಿದಾಗ ನಮ್ಮ ಆಷಾಢದ ಗಾಳಿಗೆ ಹರಳು ಥಂಡಿ ಹಿಡಿದು ಮುದ್ದೆ ಕಟ್ಟಿತು. ಅದನ್ನು ನಾವು ಒಣಗಿಸಿಕೊಂಡೆವು. ಕರಾವಳಿಯಲ್ಲಿ ಬದುಕುವವರಿಗೆ ಒಣಗಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಪಟ್ಟಿ ತಯಾರಾಯಿತು, ಮರದ ಕೆಲಸದ ಯಡ್ತರೆಯ ಆಚಾರ್ರು ಬಾಗಿಲಿಗೆ ಕೂರಿಸಿದರು, ಬಾಗಿಲುಗಳು ಬ್ರಹ್ಮಾವರದ ಹೊಸ ಹೆರಿಗೆ ಆಸ್ಪತ್ರೆಗೆ ಹೋದವು.

ಆಸ್ಪತ್ರೆಯ ಡಾಕ್ಟ್ರಮ್ಮ ಗಟ್ಟಿಗಿತ್ತಿ. ಕಾಗದ ನಂಬುವವರಲ್ಲ. ಒಂದು ಬಾಗಿಲನ್ನು ಬಿಚ್ಚಿಸಿ ಪರೀಕ್ಷೆಗೆ ಕಳಿಸಿದರು. ಒಲೆಯ ಮುಂದೆ ನಿಲ್ಲಿಸಿದ ಬಾಗಿಲಿನ ಸಂದಿನಲ್ಲಿ ಸ್ವಲ್ಪ ಹೊತ್ತಿಗೇ ಹೊಗೆ ಹೊರಟಿತು. ಪಟ್ಟಿ ಉಬ್ಬಲೇ ಇಲ್ಲ. ಅವರು ನನ್ನನ್ನು ಕರೆಸಿ ಬೈಯಲಿಲ್ಲ. “ಶೆಟ್ರೇ, ಬಾಣಂತಿಗೆ ಓಡುಕ್ ಆತ್ತಾ? ಆತಿಲ್ಲ ಅಂದೇಳಿಯೇ ನಾನ್ ಈ ಬಾಗ್ಲ್ ಹಾಕ್ಸಿದ್” ಎಂದಷ್ಟೇ ಹೇಳಿದರು. ಬೈದಿದ್ದರೆ ಒಳ್ಳೆಯದಿತ್ತು.

ಬ್ರಹ್ಮಾವರದಿಂದ ಬಂದವನೇ ನಾನು ಜಲಜಕ್ಕನ ಮೇಲೆ ಹಾರಿದೆ. ರಬ್ಬರಿನ ಜೊತೆ ಹರಳು ಕಲಸುವುದು ಅವರ ಕೆಲಸ. ಯಂತ್ರವನ್ನು ಹೆಚ್ಚು ಹೊತ್ತು ತಿರುಗಿಸಿದರೆ ಹರಳು ಒಡೆದು ಪುಡಿಯಾಗುತ್ತದೆ, ಪುಡಿ ಉಬ್ಬುವುದಿಲ್ಲ. ಎಲ್ಲ ಹೆಂಗಸರ ಎದುರಿಗೇ ಕೂಗಾಡಿದೆ. ಅವರು ಕೈಯೊರೆಸಿಕೊಂಡು, “ಹ್ವಾಯ್ ಶೆಟ್ರೆ, ಮೂವತ್ತ್ ವರ್ಷ ಬೀಜ ಒಡ್ದ ಕೈ ಇದ್. ತಿರ್‌ಳ್ ಒಡೀದೆ ಹ್ಯಾಂಗ್ ತೆಗುದ್ ಅಂದೇಳಿ ನಿಮ್ಮಪ್ಪಯ್ಯಂಗೇ ನಾನ್ ತೋರ್ಸಿ ಕೊಟ್ಟಿದ್ದೆ” ಎಂದರು. ಬುತ್ತಿಪಾತ್ರೆ ತೆಗೆದುಕೊಂಡು ತ್ರಾಸಿಯ ಬಸ್ಸು ಹತ್ತಿದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಆಮೇಲೆ ಒಣಗಿಸಿಟ್ಟು ಇನ್ನೂ ಕಲಸದೆ ಉಳಿದಿದ್ದ ಹರಳನ್ನು ಜರಡಿ ಹಿಡಿದು, ಒಂದು ಚಿಟಿಕೆ ಕಾಸಿ ನೋಡಿದೆ. ಒಂದೂ ಒಡೆದಿರಲಿಲ್ಲ. ಕಲಸುವ ಮೊದಲಿನ ಹರಳೇ ಉಬ್ಬುತ್ತಿರಲಿಲ್ಲ. ಹಾಗಾದರೆ ಜಲಜಕ್ಕನ ತಪ್ಪಲ್ಲ, ಕಳಿಸಿದವರ ತಪ್ಪು! ಇದನ್ನು ತ್ರಾಸಿಗೆ ಹೋಗಿ ಹೇಳಬೇಕಿತ್ತು. ಬಂದ ಮೇಲೆ ಹೇಳಿದರಾಯಿತು ಎಂದುಕೊಂಡು, ಟಿಕೆಟ್ ಮಾಡಿಸಿದೆ. ಮಾರಿದವರು ಫೋನಿನಲ್ಲಿ “ಮಾಲು ಸರಿಯಾಗಿಯೇ ಇತ್ತು, ಬೇಕಾದರೆ ಬಂದು ನೋಡಿ” ಎಂದಿದ್ದರು. ಮಾತಿಗೆ ಹೇಳಿದ್ದಿರಬೇಕು. ತಲ್ಲೂರಿನವನು ನಿಜವಾಗಿ ಬರುತ್ತಾನೆ ಎಂದು ಅವರಿಗೆ ಗೊತ್ತಿರಲಿಲ್ಲ.

ವಿಮಾನ ನಿಲ್ದಾಣ

ಕಪ್ಪು ಪುಡಿಯನ್ನು ವಿಮಾನದಲ್ಲಿ ಒಯ್ಯಬೇಡಿ ಎಂದು ತಿಳಿದವರು ಹೇಳಿದ್ದರಿಂದ ಕೆಟ್ಟ ಹರಳಿನ ಒಂದು ಡಬ್ಬಿ, ಆ ಮಾಲಿನ ಜೊತೆ ಬಂದಿದ್ದ ನಾನು ಬಿಚ್ಚದೇ ಇದ್ದ ಸಣ್ಣ ನಮೂನೆ ಪೊಟ್ಟಣ, ಎರಡನ್ನೂ ಕಾಗದಪತ್ರ ಸಮೇತ ಮೊದಲೇ ಕೊರಿಯರ್ ಮಾಡಿದ್ದೆ. ಕೈಚೀಲದಲ್ಲಿದ್ದದ್ದು ಒಂದು ಮೊಳ ಪಟ್ಟಿ ಮಾತ್ರ. ನಡುದಾರಿಯಲ್ಲಿ ವಿಮಾನ ಬದಲಿಸುವ ಕಡೆ ತಪಾಸಣೆಯವನು ಅದನ್ನು ಹೊರಗೆಳೆದ.

“ಇದೇನು?”

“ಬಾಗಿಲಿನ ಪಟ್ಟಿ.”

“ಬಾಗಿಲು ಎಲ್ಲಿ?”

“ಬ್ರಹ್ಮಾವರದಲ್ಲಿ.”

ಅವನು ಮೂಸಿದ, ಬಗ್ಗಿಸಿದ, ಇನ್ನೊಬ್ಬನನ್ನು ಕರೆದ. ಇನ್ನೊಬ್ಬ ಕೇಳಿದ, “ಬಿಸಿ ತಾಗಿದರೆ ಏನಾಗುತ್ತದೆ?” ಸುಳ್ಳು ಹೇಳಿ ಅಭ್ಯಾಸವಿಲ್ಲ. “ಒಮ್ಮೆಲೇ ಉಬ್ಬಬೇಕು” ಎಂದೆ. ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದರು. ನನಗೆ ರೇಗಿತು. “ಹೆದರಬೇಡಿ, ಇದು ಉಬ್ಬುವುದಿಲ್ಲ. ಉಬ್ಬುವುದಿಲ್ಲ ಎಂದೇ ನಾನು ಇಷ್ಟು ದೂರ ಬಂದದ್ದು!” ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಕೂಗಿದೆ. ಅದಕ್ಕೆ ಅವರು ನನ್ನನ್ನು ಒಂದು ಕೋಣೆಯಲ್ಲಿ ಕೂರಿಸಿ, ಪಟ್ಟಿಗೆ ಬಟ್ಟೆಯ ತುಂಡು ಉಜ್ಜಿ, ಯಂತ್ರಕ್ಕೆ ತೋರಿಸಿ, ಮತ್ತೆ ಉಜ್ಜಿ, ಕೊನೆಗೆ ವಾಪಸ್ ಕೊಟ್ಟರು. ಕೊಡುವಾಗ ಮೊದಲನೆಯವನ ಬಿಳಿ ಕೈಗವಸು ಕಪ್ಪಾಗಿತ್ತು. ಅದನ್ನು ನನ್ನ ತಪ್ಪು ಎಂಬಂತೆ ನನಗೇ ತೋರಿಸಿದ. ಗ್ರಾಫೈಟ್ ಮುಟ್ಟಿದವರ ಕೈ ಕಪ್ಪಾಗದೆ ಏನಾಗಬೇಕು? ನಮ್ಮ ಹೆಂಗಸರು ದಿನಾ ಸಂಜೆ ತೆಂಗಿನೆಣ್ಣೆ ಹಚ್ಚಿ ಉಜ್ಜುತ್ತಾರೆ, ಯಾರಿಗೂ ತೋರಿಸುತ್ತಾ ಕೂರುವುದಿಲ್ಲ.

ಚಿಂಗ್‌ದಾವ್

ಚಿಂಗ್‌ದಾವ್ ಕಡಲ ಬದಿಯ ಪಟ್ಟಣ. ಇಳಿದ ಕೂಡಲೇ ಉಪ್ಪು ಗಾಳಿ ಮೂಗಿಗೆ ಬಂತು. ಮರವಂತೆಯ ರಸ್ತೆಯಲ್ಲಿ ಬರುವುದೇ ಇದು. ಇದೂ ನನಗೆ ಸಿಟ್ಟು ತರಿಸಿತು. ವೈರಿಯ ಊರು ನಮ್ಮೂರಿನ ವಾಸನೆ ಹೊಡೆಯಬಾರದು.

ನನ್ನ ಮಾತನ್ನು ಚೀನೀ ಭಾಷೆಗೆ ದಾಟಿಸಲು ಗೊತ್ತುಮಾಡಿದ್ದವರು ಲಿನ್ ಮೇಡಂ. ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಬಿಸಿಲಿಗೂ ಕೊಡೆ, ನೆರಳಿಗೂ ಕೊಡೆ. ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. ಅಲ್ಲಿ ಎಲ್ಲರೂ ಬರೀ ಬಿಸಿನೀರು ಕುಡಿಯುತ್ತಾರೆ. ಚಹಾ ಪುಡಿ ಇಲ್ಲ, ಜೀರಿಗೆ ಇಲ್ಲ, ಸುಮ್ಮನೆ ಬಿಸಿನೀರು. ಹೋಟೆಲಿನಲ್ಲಿ ಕೂತ ತಕ್ಷಣ ಬಿಸಿನೀರು ಇಟ್ಟರು. ಕುಂದಾಪುರದ ಯಾವ ಹೋಟೆಲಿನವನಾದರೂ ಹಾಗೆ ಮಾಡಿದ್ದರೆ ಗಿರಾಕಿ ಎದ್ದು ಹೋಗುತ್ತಿದ್ದ.

ಊಟಕ್ಕೆ ಮರುವಾಯಿ, ಅಂದರೆ ಕಪ್ಪೆಚಿಪ್ಪು, ಬಂತು. ನಾನು ಆಸೆಯಿಂದ ನೋಡಿದೆ. ಕಾಯಿ ಇಲ್ಲ, ಕೊತ್ತಂಬರಿ ಹುರಿದ ಮಸಾಲೆ ಇಲ್ಲ, ಶುಂಠಿ ಹಾಕಿ ಬೇಯಿಸಿ ತಂದಿಟ್ಟಿದ್ದಾರೆ! ಅಷ್ಟು ತಾಜಾ ಮರುವಾಯಿಗೆ ಹೀಗೆ ಮಾಡುವುದೇ? ಲಿನ್ ಮೇಡಂ ಚಿಪ್ಪಿನಿಂದ ಚಿಪ್ಪಿಗೆ ಹೋಗುತ್ತಾ “ಚೆನ್ನಾಗಿಲ್ಲವೇ?” ಎಂದು ಕೇಳಿದರು. ಚೆನ್ನಾಗಿಯೇ ಇತ್ತು. ಹಾಳಾದ್ದು, ಒಂದು ತಟ್ಟೆ ಖಾಲಿ ಮಾಡಿದೆ.

ಬೆಳಿಗ್ಗೆ ಇನ್ನೊಂದು ಪ್ರಸಂಗ. ಈ ಕಸುಬಿಗೆ ಬಿದ್ದ ಮೇಲೆ ಎಲ್ಲಿ ಹೋದರೂ ಬಾಗಿಲಿನ ಅಂಚಿಗೆ ಬೆರಳು ಹಾಕಿ ನೋಡುವುದು ನನ್ನ ಚಟ. ಬೈಂದೂರಿನ ಒಂದು ಲಾಡ್ಜಿನಲ್ಲಿ ಬೆಂಕಿ ಬಾಗಿಲು ಮುಚ್ಚದಂತೆ ಗ್ಯಾಸ್ ಸಿಲಿಂಡರ್ ಅಡ್ಡ ಇಟ್ಟದ್ದು ಕಂಡು ನಾನು ಮ್ಯಾನೇಜರನ ಜೊತೆ ಅರ್ಧ ಗಂಟೆ ಜಗಳಾಡಿದ್ದೆ. ಬೆಂಕಿ ತಡೆಯುವ ಬಾಗಿಲಿಗೆ ಗ್ಯಾಸ್ ಸಿಲಿಂಡರ್! ನಮ್ಮ ಜನಕ್ಕೆ ಬೇಕಾದದ್ದು ಬಾಗಿಲಲ್ಲ, ಬಾಗಿಲಿದೆ ಎಂಬ ಕಾಗದ. ಇಲ್ಲೂ ಏನಾದರೂ ತಪ್ಪು ಸಿಗುತ್ತದೆ ಎಂದು ಮೊಣಕಾಲೂರಿ, ಮೊಬೈಲಿನ ಟಾರ್ಚ್ ಹಾಕಿ, ನಾನು ಉಳಿದುಕೊಂಡಿದ್ದ ಹೋಟೆಲಿನ ಮೆಟ್ಟಿಲ ಬಾಗಿಲಿನ ಅಂಚು ನೋಡಿದೆ. ಪಟ್ಟಿ ನೆಟ್ಟಗಿತ್ತು. ಮೂಲೆಯಲ್ಲೂ ಬಿಟ್ಟಿರಲಿಲ್ಲ. ಕೈಬಿಟ್ಟರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಇನ್ನೂ ಕೆಳಗೆ ಬಗ್ಗಿ ನೋಡುವಾಗ ಹಿಂದೆ ಇಬ್ಬರು ಬಂದು ನಿಂತರು. ಒಬ್ಬಳು ಕಸ ಗುಡಿಸುವವಳು, ಇನ್ನೊಬ್ಬ ಮ್ಯಾನೇಜರ್. ಏನೋ ಕಳೆದುಕೊಂಡಿದ್ದೇನೆ ಎಂದು ಅವರೂ ನೆಲದ ಮೇಲೆ ಹುಡುಕತೊಡಗಿದರು. ಹೇಳುವ ಭಾಷೆ ನನಗೆ ಬರಲಿಲ್ಲ. ಮೂರು ಜನ ಸೇರಿ ಐದು ನಿಮಿಷ ಏನೂ ಇಲ್ಲದ್ದನ್ನು ಹುಡುಕಿದೆವು.

ಗ್ರಾಫೈಟಿನ ಊರು

ಕಾರ್ಖಾನೆ ಇದ್ದದ್ದು ಅಲ್ಲಿಂದ ಎರಡು ಗಂಟೆಯ ದಾರಿ. ದಾರಿಯುದ್ದಕ್ಕೂ ಕಡಲೆಕಾಯಿಯ ಹೊಲ. ಕಾರಿನಲ್ಲಿ ಕೂತು ನಾನು ಬೈಗುಳ ಜೋಡಿಸಿಕೊಂಡೆ. ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಕೊನೆಗೆ ಉಳಿಸಬೇಕು ಎಂದೆಲ್ಲ. ಬಾಣಂತಿಯರ ಮಾತು ಕೊನೆಗೆ ಎಂದು ತೀರ್ಮಾನಿಸಿದೆ. ಅದನ್ನು ಕೇಳಿದ ಮೇಲೆ ಯಾರೂ ತಲೆ ಎತ್ತಬಾರದು.

ಗೇಟಿನಲ್ಲೇ ಮೊದಲ ಬೈಗುಳ ವ್ಯರ್ಥವಾಯಿತು. ಅವರು ನನಗಾಗಿ ಕಾದು ನಿಂತಿದ್ದರು, ಕೈ ಕುಲುಕಿದರು, ಬಿಸಿನೀರು ಕೊಟ್ಟರು. ಕಾರ್ಖಾನೆ ತೋರಿಸುತ್ತೇವೆ ಎಂದರು. ನನಗೆ ನೋಡುವುದು ಬೇಡವಾಗಿತ್ತು, ಆದರೂ ಹೋದೆ. ಆಸಿಡ್ಡಿನ ದೊಡ್ಡ ಹಂಡೆಗಳು, ತೊಳೆಯುವ ತೊಟ್ಟಿಗಳು. ಹುಳಿ ಹೋಗುವವರೆಗೆ ತೊಳೆಯಬೇಕು, ಇಲ್ಲದಿದ್ದರೆ ಬಾಗಿಲಿನ ಮೊಳೆ, ತಿರುಗಣಿ ಎಲ್ಲ ತುಕ್ಕು ಹಿಡಿಯುತ್ತದೆ ಎಂದು ಲಿನ್ ಮೇಡಂ ತಿಳಿಸಿದರು. “ಗೊತ್ತು” ಎಂದೆ. ಕೊನೆಗೆ ಒಣಗಿಸುವ ಯಂತ್ರ. ಅದರ ಮುಖದ ಮೇಲೆ ಬಿಸಿ ತೋರಿಸುವ ಒಂದು ಮುಳ್ಳು, ಒಂದು ಕೆಂಪು ಗೀಟು. ಅದರ ಪಕ್ಕದಲ್ಲಿ ಒಬ್ಬ ಹೆಂಗಸು ಕುರ್ಚಿ ಹಾಕಿಕೊಂಡು ಮುಳ್ಳನ್ನೇ ನೋಡುತ್ತಾ ಕೂತಿದ್ದಳು. ಇಡೀ ದಿನ ಅವಳ ಕೆಲಸ ಅದೇ ಅಂತೆ. ಮುಳ್ಳು ಗೀಟಿಗೆ ತಾಗಬಾರದು. ಬರೀ ಒಣಗಿಸುವುದಕ್ಕೆ ಒಬ್ಬ ಕಾವಲುಗಾರ್ತಿ! ಇವರಿಗೆ ಬಿಸಿಲಿಗೆ ಒಣಮೀನು ಹಾಕಿಯೂ ಅಭ್ಯಾಸವಿಲ್ಲವೇನೋ ಎಂದು ಮನಸ್ಸಿನಲ್ಲೇ ನಕ್ಕೆ. ಆ ನಗು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಹುವಾಂಗರ ಒಲೆ

ಪರೀಕ್ಷೆಯ ಕೋಣೆಯಲ್ಲಿ ಹುವಾಂಗ್ ಎಂಬ ಮುದುಕರಿದ್ದರು. ಸಣಕಲು ಮೈ, ದಪ್ಪ ಕನ್ನಡಕ, ಬೆರಳ ಸಂದುಗಳಲ್ಲಿ ಎಂದೂ ಹೋಗದ ಕಪ್ಪು. ಅವರ ಬೆನ್ನ ಹಿಂದೆ ಗೋಡೆ ತುಂಬ ಗಾಜಿನ ಭರಣಿಗಳು. ಕಳಿಸಿದ ಪ್ರತಿಯೊಂದು ಮಾಲಿನಿಂದಲೂ ಒಂದು ಹಿಡಿ ಎತ್ತಿಟ್ಟುಕೊಳ್ಳುವುದು ಅವರ ಕ್ರಮ. ನನ್ನ ಮಾಲಿನ ಭರಣಿಯೂ ಅಲ್ಲಿತ್ತು.

ಕೊರಿಯರಿನಲ್ಲಿ ಬಂದ ನನ್ನ ಡಬ್ಬಿ ತೆರೆದು ಅವರು ಮೊದಲು ಮಾಡಿದ್ದು ಎರಡು ಬೆರಳ ನಡುವೆ ಹರಳು ತಿಕ್ಕಿ ಕಣ್ಣು ಮುಚ್ಚಿದ್ದು. ಜಲಜಕ್ಕ ಬೀಜ ಮುಟ್ಟುವುದೂ ಹೀಗೆಯೇ. ಹುವಾಂಗ್ ಏನೋ ಗೊಣಗಿದರು.

“ಇದು ದಣಿದಿದೆ ಎನ್ನುತ್ತಾರೆ” ಎಂದರು ಲಿನ್ ಮೇಡಂ.

“ದಣಿದದ್ದನ್ನೇ ಕಳಿಸಿದ್ದೀರಿ ಎಂದು ಹೇಳಿ” ಎಂದೆ.

ಅವರು ಕೆಂಪಗೆ ಕಾದ ಒಲೆಯೊಳಗೆ ಮೊದಲು ಬರಿಯ ಲೋಟ ಇಟ್ಟರು. ಅದು ಕೆಂಪಾದ ಮೇಲೆ ಹೊರತೆಗೆದು ಒಂದು ಗ್ರಾಮ್ ಹರಳು ಸುರಿದು ಮತ್ತೆ ಒಳಗಿಟ್ಟರು. ನಮ್ಮಲ್ಲಿ ನಾಗರಪಂಚಮಿಗೆ ಅರಳು ಹುರಿಯುವವರು ಮರಳು ಕಾದ ಮೇಲೇ ಭತ್ತ ಹಾಕುವುದಲ್ಲವೇ, ಹಾಗೆ. ನನ್ನ ಡಬ್ಬಿಯ ಹರಳು ಒಂದಿಷ್ಟು ಅಲುಗಾಡಿ ಸುಮ್ಮನಾಯಿತು. ಲೋಟದ ಅಳತೆಯ ಗೀಟು ನೋಡಿ ಅರವತ್ತು ಎಂದರು. ಅವರ ಭರಣಿಯದು ಲೋಟದಲ್ಲಿ ಕಪ್ಪು ಹುಳಗಳು ಎದ್ದು ಬಂದ ಹಾಗೆ ಮೇಲೇರಿ ಅಂಚು ಮುಟ್ಟಿತು. ಇನ್ನೂರೈವತ್ತು ದಾಟಿತ್ತು.

ನಾನು ಕಾಯುತ್ತಿದ್ದುದೇ ಇದಕ್ಕೆ. ಮೇಜು ಗುದ್ದಿ ಎದ್ದೆ. “ಒಳ್ಳೆಯದನ್ನು ಭರಣಿಯಲ್ಲಿಟ್ಟು ಕೆಟ್ಟದ್ದನ್ನು ಚೀಲಕ್ಕೆ ತುಂಬುವುದು ಯಾರಿಗೆ ಬರುವುದಿಲ್ಲ? ಬಾಣಂತಿಯರು ಮಲಗುವ ಕೋಣೆಯ ಬಾಗಿಲು ಅದು! ಹಸುಗೂಸುಗಳು ಮಲಗುವ ಕೋಣೆ!” ಕೊನೆಗೆ ಉಳಿಸಿಕೊಂಡಿದ್ದ ಮಾತು ಬಂದೇಬಿಟ್ಟಿತು. ಲಿನ್ ಮೇಡಂ ಅದನ್ನೂ ದಾಟಿಸಿದರು. ಹುವಾಂಗ್ ತಲೆ ತಗ್ಗಿಸಲಿಲ್ಲ. ನನ್ನ ಬಿಚ್ಚದ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಅದರ ಮುದ್ರೆಯನ್ನು ನನಗೆ ತೋರಿಸಿ, ಕತ್ತರಿಯನ್ನು ನನ್ನ ಕೈಗೇ ಕೊಟ್ಟರು.

ನಾನೇ ಕತ್ತರಿಸಿದೆ. ನಾನೇ ತೂಗಿದೆ. ತಲ್ಲೂರಿನಲ್ಲಿ ನನ್ನ ಮೇಜಿನ ಸೆಳೆಖಾನೆಯಲ್ಲಿ ಎರಡು ತಿಂಗಳು ಬಿದ್ದಿದ್ದ, ಅದೇ ಮಾಲಿನ ಜೊತೆ ಅದೇ ಪೆಟ್ಟಿಗೆಯಲ್ಲಿ ಬಂದಿದ್ದ ಹರಳು ಅದು. ಒಲೆಯೊಳಗೆ ಹೋದದ್ದೇ ತಡ, ಎದ್ದಿತು ನೋಡಿ. ಲೋಟದ ಅಂಚು ದಾಟಿ ಒಲೆಯ ನೆಲಕ್ಕೆ ಉದುರಿತು.

ಹುವಾಂಗ್ ಒಂದು ಪ್ರಶ್ನೆ ಕೇಳಿದರು. ಚೀಲ ಬಿಚ್ಚಿದ ಮೇಲೆ ನೀವು ಇದನ್ನು ಬಿಸಿ ಮಾಡಿದಿರಾ?

“ಇಲ್ಲವೇ ಇಲ್ಲ. ಒಣಗಿಸಿದ್ದು ಅಷ್ಟೆ” ಎಂದೆ.

“ಎಲ್ಲಿ?”

ಬೋರ್ಮಾ ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನು ಹೇಳಬೇಕೋ ತಿಳಿಯದೆ ಕಾಗದದ ಮೇಲೆ ಚಿತ್ರ ಬರೆದೆ. ಗೇರುಬೀಜದ ಕಾರ್ಖಾನೆಗಳಲ್ಲಿ ಇರುವ ಬಿಸಿ ಕೋಣೆ ಅದು. ಒಂದರ ಮೇಲೊಂದು ತಟ್ಟೆಗಳು, ಕೆಳಗೆ ಒಲೆ, ಒಲೆಗೆ ಬೀಜದ ಸಿಪ್ಪೆ. ತಿರುಳು ಒಣಗಿ ಮೇಲಿನ ಕೆಂಪು ಹೊಟ್ಟು ಸಡಿಲವಾಗಲು ಅದರಲ್ಲಿಡುತ್ತೇವೆ. ನಮ್ಮಪ್ಪ ಅದರಲ್ಲಿ ಹಪ್ಪಳ ಒಣಗಿಸಿದ್ದರು, ನನ್ನ ಶಾಲೆಯ ಯೂನಿಫಾರ್ಮ್ ಒಣಗಿಸಿದ್ದರು. ಮಳೆಗಾಲದಲ್ಲಿ ಒದ್ದೆಯಾದ ಯಾವುದೂ ನಮ್ಮ ಮನೆಯಲ್ಲಿ ಬೋರ್ಮಾ ಕಾಣದೆ ಉಳಿದದ್ದಿಲ್ಲ. ಹುವಾಂಗ್ ನನ್ನ ಚಿತ್ರದ ಕೆಳಗಿನ ತಟ್ಟೆಯ ಮೇಲೆ ಕಪ್ಪು ಬೆರಳಿಟ್ಟು ಕೇಳಿದರು. ಇಲ್ಲಿ ಎಷ್ಟು ಬಿಸಿ?

ಗೊತ್ತಿರಲಿಲ್ಲ. ಅಳೆದೇ ಇಲ್ಲ. ಲಾರಿ ಬರುವ ಅವಸರಕ್ಕೆ ಇನ್ನಷ್ಟು ಸಿಪ್ಪೆ ತುಂಬಿಸಿ ಎಂದು ನಾನೇ ಹೇಳಿದ್ದೆ. ಬೇಗ ಉಬ್ಬುವ ಜಾತಿ ಬೇಕೆಂದು ಹಟ ಹಿಡಿದು ತರಿಸಿದವನೂ ನಾನೇ. ಬೇಗ ಉಬ್ಬುವುದು ಬೇಗ ಕೆಡುತ್ತದೆ ಎಂದು ಅವರು ಈಗ ವಿವರಿಸಿದರು. ಆ ಬಿಸಿಗೆ ಆಸಿಡ್ ಒಂದಿಷ್ಟಿಷ್ಟೇ ಹೊರಟು ಹೋಗುತ್ತದೆ, ಆಮೇಲೆ ಬೆಂಕಿ ಬಂದಾಗ ತಳ್ಳಲು ಒಳಗೆ ಏನೂ ಉಳಿದಿರುವುದಿಲ್ಲ. ಹೊರಗಿನಿಂದ ನೋಡಿದರೆ ಅದೇ ಹರಳು, ಅದೇ ಹೊಳಪು, ಅದೇ ಐವತ್ತರ ಗಾತ್ರ.

“ಒಣಗಿಸುವಾಗ ವಾಸನೆ ಬಂತೇ ಎಂದು ಕೇಳುತ್ತಾರೆ. ಮೂಗಿಗೆ ಚುಚ್ಚುವ ವಾಸನೆ” ಎಂದರು ಲಿನ್ ಮೇಡಂ.

ಆಗ ನೆನಪಾಯಿತು. ನೆನಪಾಗದೇ ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೋರ್ಮಾದ ಬಾಗಿಲಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಜಲಜಕ್ಕ ನಿಂತಿದ್ದರು. ನಾನು ಫೋನಿನಲ್ಲಿದ್ದೆ. “ಶೆಟ್ರೆ, ಪಟಾಕಿ ವಾಸ್ನಿ ಬತ್ತಿತ್ತ್, ಮೂಗ್ ಉರೀತ್ತ್. ಇದೇನ್ ಗೇರ್‌ಬೀಜ ಅಲ್ಲ, ತೆಗಿಸಿನಿ ಹೊರ್ಗೆ” ಎಂದಿದ್ದರು. ನಾನು ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, “ಬೋರ್ಮಾದ ವಿಚಾರ ನನಗೆ ಹೇಳಬೇಡಿ, ನಾನು ಹುಟ್ಟಿದ್ದೇ ಇದರ ಪಕ್ಕದಲ್ಲಿ” ಎಂದಿದ್ದೆ.

ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ಹುವಾಂಗ್ ಬಿಸಿನೀರಿನ ಲೋಟ ಮುಂದೆ ಸರಿಸಿದರು. ಕುಡಿದೆ.

ವಾಪಸ್ ದಾರಿ

ಸಿಟ್ಟು ಹೋಯಿತೆಂದುಕೊಂಡರೆ ತಪ್ಪು. ಹೆಚ್ಚಾಯಿತು. ಬರುವಾಗ ಸಿಟ್ಟಿಗೆ ಒಂದು ಊರು, ಒಂದು ಕಾರ್ಖಾನೆ, ಒಂದು ವಿಳಾಸ ಇತ್ತು. ಈಗ ಅದಕ್ಕೆ ಹೋಗಲು ನನ್ನನ್ನು ಬಿಟ್ಟರೆ ಬೇರೆ ಜಾಗವಿರಲಿಲ್ಲ. ವಿಮಾನದಲ್ಲಿ ಪಕ್ಕದವನು ಮೊಣಕೈ ತಾಗಿಸಿದಾಗ ಬೈಯಲು ಬಾಯಿ ತೆರೆದು, ಮುಚ್ಚಿಕೊಂಡೆ.

ಬೈಂದೂರಿನ ಸಿಲಿಂಡರಿನವನ ಮೇಲೆ ನಾನು ಎಷ್ಟು ಕೂಗಾಡಿದ್ದೆ! ಅವನಾದರೂ ಬಾಗಿಲು ತೆರೆದಿಟ್ಟಿದ್ದ, ನೋಡಿದವರಿಗೆ ಕಾಣುತ್ತಿತ್ತು. ನನ್ನ ಬಾಗಿಲು ಮುಚ್ಚಿಕೊಂಡು, ಪಟ್ಟಿ ಕಟ್ಟಿಕೊಂಡು, ಎಲ್ಲ ಸರಿಯಿದೆ ಎಂದು ನಿಂತಿತ್ತು. ಡಾಕ್ಟ್ರಮ್ಮ ಕಾಗದ ನಂಬುವವರಾಗಿದ್ದರೆ ಅದು ಈಗಲೂ ಹಾಗೇ ನಿಂತಿರುತ್ತಿತ್ತು. ಇದಕ್ಕಿಂತ ದೊಡ್ಡ ಮೋಸವನ್ನು ನಾನು ಚೀನಾದವರ ತಲೆಗೆ ಕಟ್ಟಿರಲಿಲ್ಲ.

ಊರಿಗೆ ಬಂದವನೇ ಬ್ರಹ್ಮಾವರಕ್ಕೆ ಹೋಗಿ ಡಾಕ್ಟ್ರಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಕೇಳಿಸಿಕೊಂಡು, “ತಪ್ಪ್ ನಿಮ್ದೇ ಅಂದೇಳಿ ಹೇಳುಕೆ ಬಂದವ್ರ್ ನೀವ್ ಒಬ್ರೇ ಮಾರ್ರೆ. ಪಟ್ಟಿ ತೆಗ್ಸಿ, ಬೇರೆ ಹಾಕ್ಸಿ. ಮತ್ತೊಂದ್ ಬಾಗ್ಲ್ ಸುಡುಕೆ ಕಳ್ಸ್ತೆ” ಎಂದರು. ಯಡ್ತರೆಯ ಆಚಾರ್ರು ಮಾತ್ರ ಎಲ್ಲ ಬಾಗಿಲಿನ ಗಾಡಿಯಿಂದ ಪಟ್ಟಿ ಕೆತ್ತಿ ತೆಗೆಯಬೇಕೆಂದು ಕೇಳಿ ಉಳಿಯನ್ನು ಕೆಳಗಿಟ್ಟು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ತ್ರಾಸಿ

ತ್ರಾಸಿಗೆ ಹೋಗುವ ಮುಂಚೆ ಎರಡು ದಿನ ಕಾರು ತೊಳೆಯುವುದು, ಕಡತ ಜೋಡಿಸುವುದು ಎಂದು ಕಾಲ ಕಳೆದೆ. ಚೀನಾಕ್ಕೆ ಹೋಗುವುದು ಇದಕ್ಕಿಂತ ಸುಲಭವಾಗಿತ್ತು.

ಜಲಜಕ್ಕ ಅಂಗಳದಲ್ಲಿ ಚಾಪೆಯ ಮೇಲೆ ಒಣಮೀನು ತಿರುವಿ ಹಾಕುತ್ತಿದ್ದರು. ಮಳೆ ಬಿಟ್ಟು ಎರಡು ದಿನ ಬಿಸಿಲು ಕಾಯುತ್ತಿತ್ತು. ನನ್ನನ್ನು ಕಂಡು ಏಳಲಿಲ್ಲ. “ಬನಿ, ಕೂಕಣಿ” ಎಂದು ಜಗಲಿ ತೋರಿಸಿ ಮತ್ತೆ ಮೀನು ತಿರುವಿದರು. ನಾನು ನಿಂತೇ ಹೇಳಿದೆ. ಭರಣಿ, ಪೊಟ್ಟಣ, ಒಲೆ, ಕಪ್ಪು ಬೆರಳಿನ ಮುದುಕರು, ಅವರು ಕೇಳಿದ ವಾಸನೆಯ ಪ್ರಶ್ನೆ, ಎಲ್ಲವನ್ನೂ. ತಪ್ಪು ನನ್ನದು ಎಂದೆ. ಅಷ್ಟು ಜನರ ಎದುರು ನಿಮ್ಮನ್ನು ಬೈದದ್ದು ಅದಕ್ಕಿಂತ ದೊಡ್ಡ ತಪ್ಪು ಎಂದೆ.

ಅವರು ಕೊನೆಯ ಮೀನು ತಿರುವಿ, ಕೈ ಝಾಡಿಸಿ, ಆಮೇಲೆ ತಲೆಯೆತ್ತಿದರು.

“ಅಲ್ಲ ಶೆಟ್ರೆ, ನಾನ್ ಬೋರ್ಮಾದ ಬಾಗ್ಲಲ್ ನಿಂತ್ ಹೇಳಿದ್ದನ್ನ್ ಕೇಂಬುಕೆ ನೀವ್ ಚೀನಾಕ್ ಹೋಯ್ ಬಂದ್ರ್ಯಾ?”

ಕಣ್ಣು ತುಂಬಿತು, ಒಣಮೀನಿನ ಕಾಟ ಎಂಬಂತೆ ಒರೆಸಿಕೊಂಡೆ. “ನಾಳೆಯಿಂದ ಬನ್ನಿ ಜಲಜಕ್ಕ” ಎಂದೆ.

“ಬತ್ತೆ. ಆದ್ರೆ ಬೈದದ್ದ್ ಎಲ್ರೆದ್ರಿಗೆ, ಹೇಳುದ್ ನನ್ ಅಂಗ್ಳದಂಗೆ ಮಾತ್ರವಾ?”

ಮರುದಿನ ಬೆಳಿಗ್ಗೆ ತಲ್ಲೂರಿನ ಶೆಡ್ಡಿನಲ್ಲಿ ಎಲ್ಲ ಹೆಂಗಸರ ಎದುರು ನಿಂತು ಮತ್ತೊಮ್ಮೆ ಹೇಳಿದೆ. ಹೊಸ ಮಾಲು ಬರುವ ಮೊದಲೇ ಹುವಾಂಗರು ಕೊರಿಯರಿನಲ್ಲಿ ಕಳಿಸಿದ್ದ ನಮೂನೆ ಪೊಟ್ಟಣದಿಂದ ಒಂದು ಚಮಚ ಹರಳನ್ನು ಕೆಂಪಗೆ ಕಾದ ಬಾಣಲೆಗೆ ಜಲಜಕ್ಕನ ಕೈಯಿಂದಲೇ ಹಾಕಿಸಿದೆ. ಕಪ್ಪು ಹೊರಳಿ ಹೊರಳಿ ಎದ್ದು ಬಾಣಲೆ ತುಂಬಿ ಹೊರಗೆ ಚೆಲ್ಲಿತು. ಹೆಂಗಸರು ಹೋ ಎಂದರು. ಜಲಜಕ್ಕ ಒಂದು ಎಸಳು ಬೆರಳಲ್ಲಿ ತಿಕ್ಕಿ, “ಹಾಂ, ಇದ್ರಂಗೆ ಜೀವ ಇತ್ತ್” ಎಂದರು.

ಆಮೇಲೆ ಅವರು ನೆಟ್ಟಗೆ ಹೋಗಿ ಬೋರ್ಮಾದ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಹೊಸ ಮಾಲು ಬಂತು, ಹೊಸ ಪಟ್ಟಿ ಹಾಕಿದ ಬಾಗಿಲು ಸುಟ್ಟು ನೋಡಿದ್ದಾಯಿತು. ಹೊಗೆ ದಾಟಲಿಲ್ಲ. ಆಸ್ಪತ್ರೆಯಲ್ಲಿ ಈಗ ಮಕ್ಕಳು ಅಳುವುದು ಹೊರಗಿನವರೆಗೂ ಕೇಳುತ್ತದೆ. ಮೊನ್ನೆ ಜೋರು ಮಳೆಗೆ ನನ್ನ ಅಂಗಿ ತೊಯ್ದು ತೊಪ್ಪೆಯಾದಾಗ ಬೋರ್ಮಾದಲ್ಲಿ ಒಣಗಿಸಲೆಂದು ಬೀಗದ ಕೈ ಕೇಳಿದೆ. ಜಲಜಕ್ಕ ಕೊಡಲಿಲ್ಲ. ಬೀಗ ತೆರೆಯಿಸುವ ಧೈರ್ಯ ನನಗ್ಯಾಕೋ ಬರಲಿಲ್ಲ. ಒದ್ದೆ ಅಂಗಿಯಲ್ಲೇ ಮನೆಗೆ ಹೋದೆ.